ಕ್ಯಾಮೆರಾ ಚೀಲದ ಹೊಲಿಗೆ

ಅಮ್ಮಾ,

ನಾನೂ ಕ್ಯಾಮೆರಾನೂ ಸುಖವಾಗಿ ಬಂದು ಸೇರಿದ್ವಿ, ಅದಕ್ಕೆ ಒಂದು ಗೀರೂ ಬಿದ್ದಿಲ್ಲ. ಆದ್ರೂ ನೀನು ಟೈಲರ್ ಅಂಗಡಿ ಇಟ್ಟಿದೀಯ ಅಂತ ಕ್ಯಾಮೆರಾ ಚೀಲದ ಬಾಯನ್ನೇ ಹೊಲಿದುಬಿಡೋದಾ? ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಬಿಚ್ಚಿ ತೋರಿಸು ಅಂದ್ರು. ಕತ್ತರಿ ಕೊಡಿ ಅಂದ್ರೆ, ಕತ್ತರಿ ಅಲ್ಲಿ ಒಳಗೇ ಬಿಡಲ್ವಂತೆ! ಪಾಪ, ತಪಾಸಣೆಯ ಹೆಂಗಸರಿಬ್ಬರು ಉಗುರಲ್ಲಿ ಒಂದೊಂದೇ ಹೊಲಿಗೆ ಕಿತ್ತರು. "ಯಾರಮ್ಮಾ ಇಷ್ಟು ಗಟ್ಟಿ ಹೊಲಿದೋರು?" ಅಂತ ಒಬ್ಬರು ಕೇಳಿದ್ರು. ನನ್ನಮ್ಮ ಅಂದೆ, ಸ್ವಲ್ಪ ಜಂಬದಲ್ಲೇ.

ಒಳಗೆ ಕ್ಯಾಮೆರಾಗೆ ಸುತ್ತಿದ್ದು ನಿನ್ನ ಸ್ವೆಟರ್! ಬೇಡವೇ ಬೇಡ ಅಂತ ಜಗಳ ಆಡಿ ನಾನು ಸೂಟ್‌ಕೇಸಿಂದ ತೆಗೆದಿಟ್ಟಿದ್ದು ಅದನ್ನೇ ಅಲ್ವಾ?

ಇಲ್ಲಿ ಹಲ್ಲು ಕಟಕಟ ಅನ್ನೋ ಚಳಿ. ನೀನು ಹೆದರಿಸಿದ್ದ ಕೆಮ್ಮು ಇನ್ನೂ ಬಂದಿಲ್ಲ. ಈ ಪೋಸ್ಟ್ ಕಾರ್ಡಲ್ಲಿ ಬರೆಯೋಕೆ ಜಾಗ ಮುಗೀತು. ಈಗ ಕ್ಯಾಮೆರಾಗೆ ಟವೆಲ್, ಸ್ವೆಟರ್ ನನಗೆ.

ನಿನ್ನ ಹಟಮಾರಿ