ಕೆಮ್ಮಲಾರದವಳ ಕೊಳವೆ ತೆಗೆಸಿದ ನಿರ್ದೇಶಕರಿಗೆ

ಮಾನ್ಯ ಆಸ್ಪತ್ರೆ ನಿರ್ದೇಶಕರೇ,

ನಿಮ್ಮ ಗೇಟಿನ ಪಕ್ಕದ ಜಾಹೀರಾತು ಫಲಕದಲ್ಲಿರುವ ನನ್ನ ಫೋಟೋವನ್ನು ದಯವಿಟ್ಟು ಇಳಿಸಿ. 'ವೆಂಟಿಲೇಟರ್ ಯಾವಾಗ ತೆಗೆಯಬೇಕೆಂದು ನಮ್ಮ ಕಂಪ್ಯೂಟರ್ ಮೊದಲೇ ಹೇಳುತ್ತದೆ' ಎಂದು ಅದರ ಕೆಳಗೆ ಬರೆಸಿದ್ದೀರಿ. ಹೇಳಿತ್ತು, ನಿಜ. ತಪ್ಪು ಹೇಳಿತ್ತು. ಆ ಚಿಕ್ಕ ಸಂಗತಿಗೆ ಫಲಕದಲ್ಲಿ ಜಾಗ ಸಾಲಲಿಲ್ಲವೇನೋ.

ನಾನು ತರಗುಪೇಟೆಯಲ್ಲಿ ಬೇಳೆ ಮಂಡಿ ನಡೆಸುವವಳು. ಹೋದ ವರ್ಷ ನರಗಳ ಕಾಯಿಲೆ ಬಂದು ಮೊದಲು ಕಾಲು, ಆಮೇಲೆ ಕೈ, ಕೊನೆಗೆ ಉಸಿರೂ ಸೋತಿತು. ಗಂಟಲಿಗೆ ಕೊಳವೆ ಇಳಿಸಿ ವೆಂಟಿಲೇಟರಿಗೆ ಜೋಡಿಸಿದಿರಿ. ಜೀವ ಉಳಿಯಿತು, ಅದಕ್ಕೆ ನಾನು ಋಣಿ. ಆದರೆ ಆ ಕಾಯಿಲೆ ಬುದ್ಧಿಯನ್ನು ಮುಟ್ಟುವುದಿಲ್ಲ. ನನಗೆ ಎಲ್ಲವೂ ಕೇಳಿಸುತ್ತಿತ್ತು. ಒಂದು ಬೆಳಗ್ಗೆ ತಾವು ವೈದ್ಯರ ಪರಿವಾರ ಸಮೇತ ದಯಮಾಡಿಸಿದಿರಿ. ನನ್ನತ್ತ ಬೆನ್ನು, ಕಂಪ್ಯೂಟರ್ ಪರದೆಯತ್ತ ಮುಖ.

"ಸ್ಕೋರ್ ಚೆನ್ನಾಗಿದೆ, ತೆಗೆದ್ಬಿಡಿ," ಎಂದಿರಿ.

"ಸರ್, ಕೆಮ್ಮು ತುಂಬಾ ವೀಕ್ ಇದೆ. ಬಾಯಲ್ಲಿ ಎಂಜಲು ನಿಂತ್ಕೊಳ್ತಿದೆ," ಎಂದರು ಕಿರಿಯ ವೈದ್ಯೆ ಡಾ. ಆರಾಧನಾ.

"ನೀವು ಕಂಪ್ಯೂಟರ್‌ಗಿಂತ ಜಾಸ್ತಿ ಓದಿದೀರೇನ್ರೀ?"

ಪರಿವಾರ ನಕ್ಕಿತು. ಬೇಡವೆಂದು ನಾನು ರೆಪ್ಪೆ ಬಡಿದೆ. ರೆಪ್ಪೆ ಓದುವ ಸೌಲಭ್ಯ ನಿಮ್ಮ ಯಂತ್ರಕ್ಕಿರಲಿಲ್ಲ, ತಮಗೂ ಇರಲಿಲ್ಲ.

ಕೊಳವೆ ತೆಗೆದರು. ಉಸಿರೇನೋ ಬಂತು. ಆದರೆ ಕಫ ಗಂಟಲಿಗೆ ಬಂದು ನಿಂತಿತು, ಕೆಮ್ಮಿ ಹೊರಹಾಕುವ ಶಕ್ತಿಯಿಲ್ಲ. ಮುಳುಗುವುದಕ್ಕೆ ಕೆರೆಯೇ ಬೇಕಾಗಿಲ್ಲವೆಂದು ಆವತ್ತು ತಿಳಿಯಿತು. ಸಂಜೆಯೊಳಗೆ ಮತ್ತೆ ಕೊಳವೆ, ಹಿಂದೆಯೇ ನ್ಯುಮೋನಿಯಾ. ಹೊರಗೆ ಅಳುತ್ತಿದ್ದ ನನ್ನ ಮಗಳು ಶಿವರಂಜಿನಿಗೆ ತಾವು ಹೇಳಿದ್ದು: "ನಿಮ್ಮಮ್ಮ ಸಹಕರಿಸಲಿಲ್ಲ." ಸ್ವಾಮಿ, ಅಸಹಕಾರ ಚಳವಳಿ ಹೂಡಲು ನನಗೆ ಒಂದು ಬೆರಳಾದರೂ ಆಡಬೇಕಿತ್ತಲ್ಲ?

ಎರಡನೆಯ ಸಲ ಡಾ. ಆರಾಧನಾ ದಿನಾ ಬಂದು ಕೇಳುತ್ತಿದ್ದರು: "ಎಲ್ಲಿ, ಒಂದ್ಸಲ ಜೋರಾಗಿ ಕೆಮ್ಮಿ ಅಮ್ಮಾ. ತಲೆ ಎತ್ತೋಕಾಗುತ್ತಾ? ಇವತ್ತು ತೆಗೀಬಹುದು ಅನ್ನಿಸಿದ್ರೆ ಕಣ್ಣು ಮುಚ್ಚಿ." ಬಹಳ ದಿನ ನಾನು ಕಣ್ಣು ತೆರೆದೇ ಇದ್ದೆ. ಅವರು ಕಾದರು. ಕೆಮ್ಮಿಗೆ ಬಲ ಬಂದ ದಿನ ಮುಚ್ಚಿದೆ. ಆ ಸಲ ತೆಗೆದ ಕೊಳವೆಯನ್ನು ಮತ್ತೆ ಹಾಕಬೇಕಾಗಲಿಲ್ಲ. ತಾವು ಫೋಟೋಗ್ರಾಫರನನ್ನು ಕರೆತಂದದ್ದು ಆಗ.

ಕಂಪ್ಯೂಟರ್ ಬೇಡವೆನ್ನುತ್ತಿಲ್ಲ. ಶ್ವಾಸಕೋಶದ ಲೆಕ್ಕ ಅದು ಹೇಳಲಿ. ಆದರೆ ನರ ಸೋತವರಿಗೆ ಉಸಿರಾಡುವುದು ಒಂದು ಕಷ್ಟ, ಗಂಟಲನ್ನು ಕಾಯ್ದುಕೊಳ್ಳುವುದು ಇನ್ನೊಂದು. ಎರಡನ್ನೂ ನೋಡಿದ ಮೇಲೂ ಡಾ. ಆರಾಧನಾ ನನ್ನ ಮಗಳಿಗೆ, "ಗ್ಯಾರಂಟಿ ಕೊಡಕ್ಕಾಗಲ್ಲ, ಹುಷಾರಾಗಿ ನೋಡ್ಕೋತೀವಿ," ಎಂದಿದ್ದರು. ಅಷ್ಟು ಹೇಳಿದರೆ ಯಾವ ಪದವಿ ಉದುರಿಹೋಗುತ್ತದೆ?

ಮೊನ್ನೆ ನಮ್ಮ ಚಾಮರಾಜಪೇಟೆಯ ಬೀದಿಯಲ್ಲೇ ಇರುವ ಬೈರಮ್ಮ ಓಡಿ ಬಂದರು. ಅವರ ಗಂಡ ಮರಿಯಣ್ಣ ಪಾರ್ಶ್ವವಾಯು ಹೊಡೆದು ನಿಮ್ಮಲ್ಲಿದ್ದಾರೆ.

"ಅಕ್ಕಾ, ನಾಳೆ ಪೈಪ್ ತೆಗೀತಾರಂತೆ. ಕಂಪ್ಯೂಟರ್ ಹೂಂ ಅಂದಿದ್ಯಂತೆ. ಧೈರ್ಯಕ್ಕೆ ನಿಮ್ ಫೋಟೋ ತೋರಿಸಿದ್ರು."

"ಕೆಮ್ಮು ನೋಡಿದ್ರಾ ಅಂತ ಕೇಳಮ್ಮ," ಎಂದೆ.

ಕೇಳಿದರು. ಆಮೇಲೆ ನೋಡಿದಿರಿ. ಕೆಮ್ಮು ಇರಲೇ ಇಲ್ಲ. ಮುಂದಕ್ಕೆ ಹಾಕಿದಿರಿ. ಮರಿಯಣ್ಣ ಇವತ್ತು ಹೆಂಡತಿಯ ಕೈ ಅಮುಕಿದರಂತೆ.

ಆದ್ದರಿಂದ ನನ್ನ ಒತ್ತಾಯವಿಷ್ಟೆ. ನರರೋಗಿಯ ಕೊಳವೆ ಮುಟ್ಟುವ ಮುನ್ನ ಕೆಮ್ಮು, ಎಂಜಲು, ಎಚ್ಚರ ನೋಡಬೇಕು. ರೆಪ್ಪೆ ಬಡಿಯಬಲ್ಲವರನ್ನು ಕೇಳಬೇಕು. ಮನೆಯವರಿಗೆ ಅನುಮಾನವನ್ನೂ ಹೇಳಬೇಕು. ಹಾಗೆಂದು ತಮ್ಮ ಸಹಿಯಲ್ಲೇ ಆದೇಶ ಹೊರಡಲಿ. ಎಲ್ಲ ರೋಗಿಗಳ ಹೆಂಡತಿಯರೂ ನನ್ನ ಬೀದಿಯಲ್ಲೇ ವಾಸವಾಗಿರುವುದಿಲ್ಲ.

ಇಂತಿ,
ದನಿ ಇನ್ನೂ ಪೂರ್ತಿ ಮರಳದೆ, ಬರೆದು ಕೂಗಬೇಕಾಗಿ ಬಂದ
ಶಿವಕುಮಾರಿ
ಚಾಮರಾಜಪೇಟೆ