ಎಡಗೆನ್ನೆಯ ಫೋಟೊ

ಅಮ್ಮನಿಗೆ ನಮಸ್ಕಾರ.

ನನ್ನ ಎಡಗೆನ್ನೆಯ ಕೆಂಪು ಹುಟ್ಟುಮಚ್ಚೆ ಈಚೆಗೆ ದಪ್ಪಗಾಗಿದೆ. ಗಡ್ಡ ಬೋಳಿಸುವಾಗ ರಕ್ತ ಬರುತ್ತದೆ. ಡಾಕ್ಟರಿಗೆ ತೋರಿಸಿದೆ. ಲೇಸರ್ ಅನ್ನುವ ಬೆಳಕು ಬಿಟ್ಟು ಮಚ್ಚೆ ತಿಳಿಯಾಗಿಸುತ್ತಾರಂತೆ. ತೆಳು ಮಚ್ಚೆಗೆ ಬಿಡುವ ಲೇಸರ್ ಚರ್ಮದ ಮೇಲ್ಮೇಲೆಯೇ ನಿಲ್ಲುತ್ತದಂತೆ, ದಪ್ಪಗಾದದ್ದಕ್ಕೆ ಆಳಕ್ಕಿಳಿಯುವ ಬೇರೊಂದು ಲೇಸರ್ ಬೇಕಂತೆ. ಬೆಳಕು ಚರ್ಮ ಬಿಟ್ಟು ಕೆಂಪನ್ನೇ ಹೇಗೆ ಹುಡುಕುತ್ತದೋ! "ಮೊದ್ಲು ಒಂದ್ ಚೂರು ಜಾಗದಲ್ಲಿ ಮಾಡಿ ನೋಡೋಣಪ್ಪ" ಅಂದರು. ಗೋಡೆಗೆ ಬಣ್ಣ ಬಳಿಯುವ ನಾವೂ ಹಾಗೇ ತಾನೇ, ಮೊದಲು ಮೂಲೆಯಲ್ಲಿ ಹಚ್ಚಿ ನೋಡುವುದು.

ಮಚ್ಚೆ ಮೊದಲು ಹೇಗಿತ್ತೆಂದು ತಿಳಿಯಲು ಹಳೆಯ ಫೋಟೊ ಕೇಳಿದ್ದಾರೆ. ನನ್ನ ಹತ್ತಿರ ಇರುವುದರಲ್ಲೆಲ್ಲ ಬಲಗೆನ್ನೆಯೇ. ಕ್ಯಾಮೆರಾ ಕಂಡೊಡನೆ ನೀನು ನನ್ನ ಗದ್ದ ಹಿಡಿದು ತಿರುಗಿಸುತ್ತಿದ್ದೆಯಲ್ಲ. ನಿನ್ನ ಪೆಟ್ಟಿಗೆಯಲ್ಲಿ ಎಡಗೆನ್ನೆಯದು ಒಂದಾದರೂ ಇದೆಯೇ, ಹುಡುಕು.

ಸಿಗದಿದ್ದರೆ ನೀನೇ ಬಾ. ಮಲಗಿಸುವಾಗ ದಿನಾ ಆ ಕೆನ್ನೆಗೇ ಮುತ್ತು ಕೊಡುತ್ತಿದ್ದವಳು ನೀನು. ಆಗ ಅದೆಷ್ಟು ನುಣುಪಾಗಿತ್ತೆಂದು ಡಾಕ್ಟರಿಗೆ ನೀನೇ ಹೇಳಬೇಕು.

ನಿನ್ನ
ಕೆಂಪ