ಒಳ್ಳೆ ಕಣ್ಣಿಗೆ ಪಟ್ಟಿ

ಸದಾಶಿವನಗರ, ತುಮಕೂರು
ಭಾನುವಾರ, 22 ನವೆಂಬರ್ 1998

ಪ್ರೀತಿಯ ಅಕ್ಕನಿಗೆ,

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತಿದ್ದ ತಂಗಿಯ ನಮಸ್ಕಾರಗಳು.

ಕೆಲಸ ಹೇಗಿದೆ, ಯಾಕೆ ಏನೂ ಬರೆಯುವುದಿಲ್ಲ ಎಂದು ಕೇಳಿದ್ದೀಯ. ಜೂನ್‌ನಲ್ಲಿ ಸೇರಿದ ವಾರ ಎಲ್ಲಾ ಚೆನ್ನಾಗಿದೆ ಎಂದು ಬರೆದಿದ್ದೆ. ಆಗ ಅದು ನಿಜವೇ ಆಗಿತ್ತು. ಆಮೇಲೆ ನಡೆದದ್ದನ್ನು ಅಮ್ಮನಿಗೆ ಹೇಳಿಲ್ಲ. ದೀಪಾವಳಿಗೆ ಗುಬ್ಬಿಗೆ ನಿಮ್ಮ ಮನೆಗೆ ಬಂದಾಗ ನಿನಗಾದರೂ ಹೇಳೋಣವೆಂದುಕೊಂಡಿದ್ದೆ, ಮನೆ ತುಂಬ ಜನ, ಬಾಯಿ ಬರಲಿಲ್ಲ. ಈವತ್ತು ರಜ. ಮನೆಯ ಮಾಲೀಕರು ಏಕಾಂತಯ್ಯ ಮೇಷ್ಟ್ರು ಸಂಸಾರ ಸಮೇತ ಊರಿಗೆ ಹೋಗಿದ್ದಾರೆ. ಬರೆದು ಮುಗಿಸಿಯೇ ಏಳಬೇಕೆಂದು ಕೂತಿದ್ದೇನೆ.

ಆಸ್ಪತ್ರೆಯಲ್ಲಿ ನನಗೆ ಮೆಟ್ಟಿಲ ಪಕ್ಕದ ಸಣ್ಣ ಕೋಣೆ ಕೊಟ್ಟಿದ್ದಾರೆ. ಬಾಗಿಲ ಮೇಲೆ ‘ಆರ್ಥಾಪ್ಟಿಸ್ಟ್’ ಎಂಬ ಬೋರ್ಡು. ಆ ಹೆಸರು ಇಲ್ಲಿ ಯಾರಿಗೂ ಗೊತ್ತಿಲ್ಲ. ಮೊದಲ ವಾರವೇ ಚಿಕ್ಕಹನುಮಯ್ಯ ಎಂಬ ಅಜ್ಜ ಬಂದು ಪಂಚೆ ಮೇಲೆತ್ತಿ ಮೊಣಕಾಲು ತೋರಿಸಿದರು. ಮೂಳೆ ಡಾಕ್ಟರ ಕೋಣೆ ಎಂದುಕೊಂಡಿದ್ದರು. ನನ್ನ ಕೆಲಸ ಮೂಳೆಯದಲ್ಲ, ಮೆಳ್ಳೆಗಣ್ಣಿನ ಮಕ್ಕಳಿಗೆ ಎರಡು ಕಣ್ಣೂ ಕೂಡಿ ನೋಡುವಂತೆ ಅಭ್ಯಾಸ ಮಾಡಿಸುವುದು ಎಂದೆ. “ಕಣ್ ಕೂಡ್ಸೋಕೂ ಒಬ್ರು ಬೇಕಾ ತಾಯಿ!” ಎಂದು ನಕ್ಕು ಎದ್ದು ಹೋದರು.

ಬೆಂಗಳೂರಿನಲ್ಲಿ ಮೂರು ವರ್ಷ ಓದಿ ಬಂದವಳು ನಾನು. ಕೋರ್ಸಿನಲ್ಲಿ ಎರಡನೆಯವಳು. ನಮ್ಮ ಕಣ್ಣಿನ ವಿಭಾಗದ ಹಿರಿಯರು ಡಾಕ್ಟರ್ ಲಕ್ಷ್ಮೀನರಸಿಂಹಯ್ಯನವರು. ಮಕ್ಕಳನ್ನು ನೋಡಿ ನನ್ನ ಕೋಣೆಗೆ ಕಳಿಸುತ್ತಾರೆ, ಮುಂದಿನದನ್ನು ನನಗೇ ಬಿಡುತ್ತಾರೆ. ಅದರಿಂದ ನನಗೆ ಸ್ವಲ್ಪ ಜಂಭವೇ ಬಂದಿತ್ತು. ಸುಳ್ಳು ಯಾಕೆ ಹೇಳಲಿ.

ಜುಲೈ ಮೂರನೇ ವಾರ, ಕುಣಿಗಲ್ ಹತ್ತಿರದ ಕೊತ್ತಗೆರೆಯಿಂದ ನಿಂಗಮ್ಮ ಎಂಬ ಹೆಂಗಸು ಐದು ವರ್ಷದ ಮಗಳನ್ನು ಕರೆದುಕೊಂಡು ಬಂದಳು. ನನಗಿಂತ ಎರಡು ಮೂರು ವರ್ಷ ದೊಡ್ಡವಳಿರಬಹುದು. ಮಗುವಿನ ಹೆಸರು ಕೃತಿಕಾ. ಬಲಗಣ್ಣು ಮೂಗಿನ ಕಡೆಗೆ ಸರಿದಿತ್ತು. ಮನೆಯಲ್ಲಿ ಅಜ್ಜಿ ಅದನ್ನು ಅದೃಷ್ಟದ ಕಣ್ಣು ಎನ್ನುತ್ತಿದ್ದರಂತೆ. ಮಗು ಸ್ಲೇಟನ್ನು ವಾರೆಯಾಗಿ ಹಿಡಿಯುತ್ತದೆ ಎಂದು ಸ್ಕೂಲಿನ ಮೇಡಂ ಹೇಳಿದ ಮೇಲೆ, ಅತ್ತೆಯ ಮಾತು ಮೀರಿ ನಿಂಗಮ್ಮ ಬಸ್ಸು ಹತ್ತಿದ್ದಳು.

ಪರೀಕ್ಷೆ ಮಾಡಿದೆ. ಎಡಗಣ್ಣು ಚೊಕ್ಕವಾಗಿತ್ತು. ಬಲಗಣ್ಣಿಗೆ ಬೋರ್ಡಿನ ಮೇಲಿನ ದೊಡ್ಡ ಚಿತ್ರ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಇಂಥ ಕಣ್ಣಿನಲ್ಲಿ ರೋಗವೇನೂ ಇರುವುದಿಲ್ಲ ಅಕ್ಕ. ಒಳ್ಳೆ ಕಣ್ಣೇ ಎಲ್ಲ ನೋಡಿಬಿಡುತ್ತದೆ, ಇದು ನೋಡುವುದನ್ನೇ ಕಲಿಯದೆ ಉಳಿದುಬಿಡುತ್ತದೆ. ಅದಕ್ಕೆ ಒಳ್ಳೆ ಕಣ್ಣಿಗೆ ದಿನಾ ಇಷ್ಟು ಹೊತ್ತು ಪಟ್ಟಿ ಅಂಟಿಸಿ, ಸೋಮಾರಿ ಕಣ್ಣಿನಿಂದ ಕೆಲಸ ಮಾಡಿಸಬೇಕು. ಏಳೆಂಟು ವರ್ಷ ದಾಟಿದರೆ ಆ ಕಣ್ಣು ಕಲಿಯುವುದು ಬಲು ಕಷ್ಟ.

ಅವತ್ತು ಹೊರಗೆ ಹನ್ನೆರಡು ಜನ ಕಾಯುತ್ತಿದ್ದರು. ನಾನು ನಿಂಗಮ್ಮನಿಗೆ ಪಟ್ಟಿ ಅಂಟಿಸುವುದನ್ನು ತೋರಿಸಿದೆ. ದಿನಕ್ಕೆ ಆರು ಗಂಟೆ, ಅತ್ತರೂ ತೆಗೆಯಬೇಡಿ, ಅವಳಿಗಿಂತ ನೀವೇ ಗಟ್ಟಿಯಾಗಿರಬೇಕು ಎಂದೆ. ತಡವರಿಸದೆ ಮಾತಾಡಿದೆನಲ್ಲ ಎಂದು ನನಗೇ ಖುಷಿಯಾಯಿತು. ಆದರೆ ಎಲ್ಲಕ್ಕಿಂತ ಮುಖ್ಯವಾದ ಮಾತನ್ನು ಹೇಳಲಿಲ್ಲ. ಪಟ್ಟಿ ಹಾಕಿರುವಷ್ಟು ಹೊತ್ತು ಈ ಮಗುವಿಗೆ ಹೆಚ್ಚುಕಡಿಮೆ ಕಣ್ಣೇ ಇಲ್ಲ ಎಂದುಕೊಳ್ಳಿ, ಒಬ್ಬಳನ್ನೇ ಹೊರಗೆ ಬಿಡಬೇಡಿ, ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ. ಇಷ್ಟೇ. ಓದುವಾಗ ಮೊದಲ ತಿಂಗಳಲ್ಲೇ ಕಲಿಸಿದ ಪಾಠ ಇದು.

ಮುಂದಿನ ತಾರೀಕಿಗೆ ಅವರು ಬರಲಿಲ್ಲ. ಫೈಲಿನಲ್ಲಿ ‘ಬಂದಿಲ್ಲ’ ಎಂದು ಬರೆದು ಮುಚ್ಚಿಟ್ಟೆ.

ಸೆಪ್ಟೆಂಬರ್ ಕೊನೆಯಲ್ಲಿ ಅದೇ ಊರಿನ ಬಸವಲಿಂಗಮ್ಮ ಪೊರೆ ಆಪರೇಷನ್ನಿಗೆ ಬಂದರು. ಕೊತ್ತಗೆರೆ ಎಂದಾಗ ಕೃತಿಕಾಳನ್ನು ವಿಚಾರಿಸಿದೆ. ಅವರು ಹೇಳಿದ್ದು ಇಷ್ಟು. ಆಗಸ್ಟ್‌ನಲ್ಲಿ ಒಂದು ದಿನ ಮಗು ಪಟ್ಟಿ ಹಾಕಿಕೊಂಡೇ ಹಿತ್ತಲ ಕಡೆ ಓಡಿ ಹೋಗಿ, ಮೆಟ್ಟಿಲು ಕಾಣದೆ ಕಲ್ಲುಚಪ್ಪಡಿಯ ಮೇಲೆ ಬಿತ್ತು. ಮೊಣಕೈ ಮುರಿಯಿತು. ನಾಟಿ ವೈದ್ಯರ ಹತ್ತಿರ ಕಟ್ಟಿಸಿದರು. ಕೈ ಪೂರ್ತಿ ನೆಟ್ಟಗಾಗಲಿಲ್ಲ. “ಮಗೀನ ಕಣ್ ಕಟ್ಟಿ ಕೈ ಮುರುದ್ಲು ಅಂತ ಅವ್ರತ್ತೆ ಪುಟ್ಟತಾಯಮ್ಮ ನಿಂಗಮ್ಮನ್ನ ಅಮೃತೂರಿಗೆ, ಅವ್ರವ್ವನ ಮನೆಗೆ ಕಳ್ಸುಬುಟ್ಳು ಕಣವ್ವ. ಮಗು ಇಲ್ಲೇ ಅದೆ. ಹುಷಾರಾಗ್ ನೋಡ್ಕ ಅಂತ ಆಸ್ಪತ್ರೆಲಿ ಯಾರೂ ನಂಗೆ ಹೇಳ್ನಿಲ್ಲ ಅಂತ ನಿಂಗಮ್ಮ ಆಣೆ ಇಟ್ಲು, ಯಾರ್ ನಂಬ್ತಾರೆ?”

‘ಬಂದಿಲ್ಲ’ ಎಂದು ಬರೆದ ಫೈಲನ್ನು ಹುಡುಕಿ ತೆಗೆದೆ ಅಕ್ಕ. ಮಧ್ಯಾಹ್ನದ ಹೊತ್ತಿಗೆ ವಿಷಯ ಡಾಕ್ಟರಿಗೂ ತಲುಪಿತು. ಕರೆದು ಕೇಳಿದರು, “ಮಗೂನ ಹುಷಾರಾಗಿ ನೋಡ್ಕೊಳ್ಳಿ ಅಂತ ಹೇಳಿದ್ರಿ ತಾನೆ?”

“ಹೇಳಿದ್ದೆ ಸಾರ್,” ಎಂದೆ.

“ಹೇಳಿದ್ರೂ ಕೇಳಲ್ಲ ನೋಡಿ ಇವ್ರು,” ಎಂದು ಅವರು ತಲೆಯಾಡಿಸಿದರು. ನಾನೂ ತಲೆಯಾಡಿಸಿದೆ.

ಮರೆತದ್ದು ತಪ್ಪು, ಆದರೆ ನನ್ನನ್ನು ತಿಂದದ್ದು ಆ ತಲೆಯಾಡಿಸಿದ್ದು. ನಾಲ್ಕು ದಿನ ಊಟ ಸೇರಲಿಲ್ಲ. ಒಂದು ಸುಳ್ಳಿನಿಂದ ನನ್ನ ಕೆಲಸ ಉಳಿಯಿತು, ಅದೇ ಸುಳ್ಳು ನಿಂಗಮ್ಮನನ್ನು ಎರಡನೇ ಸಲ ಮನೆಯಿಂದ ಹೊರಗೆ ಹಾಕಿತು ಅನ್ನಿಸುತ್ತಿತ್ತು. ಶನಿವಾರ ಬೆಳಿಗ್ಗೆ ಡಾಕ್ಟರ ಕೋಣೆಗೆ ಹೋಗಿ, ನಾನು ಹೇಳಿರಲಿಲ್ಲ ಸಾರ್, ಅವತ್ತು ನಿಮ್ಮ ಹತ್ತಿರ ಸುಳ್ಳು ಹೇಳಿದೆ ಎಂದೆ. ಅವರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಬಹಳ ಹೊತ್ತು ಕೈ ತೊಳೆಯುತ್ತಲೇ ಇದ್ದರು. ಆಮೇಲೆ, “ಮೊದ್ಲು ಅದನ್ನ ಫೈಲಲ್ಲಿ ಬರೀರಿ, ನಿಮ್ಮ ಸಹಿ ಹಾಕಿ. ಮಗೂಗೆ ಐದು ಅಲ್ವಾ? ಎರಡು ತಿಂಗಳು ಹೋಯ್ತು. ಯಾರನ್ನಾದ್ರೂ ಕಳಿಸಿ ಕರೆಸ್ತೀನಿ,” ಎಂದರು. ಬೇಡ ಸಾರ್, ನಾನೇ ಹೋಗುತ್ತೇನೆ ಎಂದೆ.

ಮಾರನೇ ದಿನ ಭಾನುವಾರ, ಹೆಬ್ಬೂರಿನ ಮೇಲೆ ಕುಣಿಗಲ್‌ಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಕೊತ್ತಗೆರೆಗೆ ಇಳಿದೆ. ಅಂಗಳದಲ್ಲಿ ನಿಂಗಮ್ಮನ ಗಂಡ ರಂಗರಾಜು ಕಾಯಿ ಸುಲಿಯುತ್ತಿದ್ದ. ಪುಟ್ಟತಾಯಮ್ಮ ರಾಗಿ ಕೇರುತ್ತಿದ್ದರು. ಯಾರೆಂದು ಹೇಳಿದೆ. ಮೊರ ಕೆಳಗಿಟ್ಟರು.

“ನೀನೇ ಏನವ್ವ ಆ ಕಣ್ಣಾಸ್ಪತ್ರೆಯೋಳು? ಇನ್ನೇನ್ ಮುರಿಯೋಕ್ ಬಂದೆ?”

ಬಸ್ಸಿನಲ್ಲಿ ಜೋಡಿಸಿಕೊಂಡ ಮಾತೆಲ್ಲ ಹೋಯಿತು. “ತಪ್ಪು ನಂದು ಅಜ್ಜಿ. ಪಟ್ಟಿ ಹಾಕಿದಾಗ ಮಗೂನ ಒಬ್ಳನ್ನೇ ಬಿಡಬಾರದು ಅಂತ ನಾನು ನಿಂಗಮ್ಮನಿಗೆ ಹೇಳ್ಲೇ ಇಲ್ಲ. ಅವರು ಆಣೆ ಇಟ್ಟಿದ್ದು ನಿಜ,” ಎಂದೆ.

ರಂಗರಾಜುವಿನ ಕೈ ನಿಂತಿತು. ಮುದುಕಿ ನನ್ನ ಮುಖವನ್ನೇ ನೋಡುತ್ತ, “ಎಲ್ಡ್ ತಿಂಗ್ಳಾಯ್ತಲ್ಲವ್ವ. ಈಗ ಬಂದ್ ಹೇಳ್ತೀಯಲ್ಲ,” ಎಂದರು.

ಅಷ್ಟರಲ್ಲಿ ಕೃತಿಕಾ ಒಳಗಿನಿಂದ ಬಂದಳು. ಬಲಗೈ ಮೊಣಕೈ ಹತ್ತಿರ ಸ್ವಲ್ಪ ಬಾಗಿಯೇ ಇತ್ತು. ನನ್ನನ್ನು ನೋಡಿ ಎಡಗಣ್ಣನ್ನು ಕೈಯಿಂದ ಮುಚ್ಚಿಕೊಂಡಳು, ನಾನು ಪಟ್ಟಿ ಅಂಟಿಸುತ್ತೇನೆ ಎಂಬ ಹೆದರಿಕೆಗೆ. ಹಾಗೆಯೇ ಇರು ಪುಟ್ಟಿ ಎಂದು, ಅಜ್ಜಿಯನ್ನು ನಾಲ್ಕು ಹೆಜ್ಜೆ ಆಚೆ ನಿಂತು ಬೆರಳು ತೋರಿಸಲು ಹೇಳಿದೆ. ಎಷ್ಟು ಬೆರಳು ಎಂದರೆ ಮಗು ಸುಮ್ಮನಿತ್ತು. ಅಜ್ಜಿ ಎರಡು ಹೆಜ್ಜೆ ಮುಂದೆ ಬಂದರು. ಇನ್ನೆರಡು. ಕೊನೆಗೆ ಕೈ ಮುಖದ ಹತ್ತಿರ ಬಂದಾಗ “ಮೂರು” ಎಂದಳು.

“ಇಷ್ಟೇನಾ ಇದಕ್ಕೆ ಕಾಣಾದು?” ಎಂದು ಪುಟ್ಟತಾಯಮ್ಮ ಅಲ್ಲೇ ಕುಕ್ಕರಿಸಿದರು. “ಅದ್ರುಷ್ಟ ಅದ್ರುಷ್ಟ ಅಂತ ಊರ್ಗೆಲ್ಲಾ ಹೇಳ್ಕಂಡ್ ಬಂದ್ನಲ್ಲೋ ರಂಗ.” ಆಮೇಲೆ ನನ್ನನ್ನು ಕೇಳಿದರು, “ಪಟ್ಟಿ ಹಾಕುದ್ರೆ ಸರೋಯ್ತದಾ?”

“ಪೂರ್ತಿ ಸರಿಹೋಗುತ್ತೆ ಅಂತ ಮಾತು ಕೊಡಲ್ಲ ಅಜ್ಜಿ. ಹಾಕ್ದೇ ಇದ್ರೆ ಈ ಕಣ್ಣು ಹೀಗೇ ಉಳಿಯುತ್ತೆ.”

ರಂಗರಾಜು ಎದ್ದು ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದ. ಮಗಳನ್ನು ಸೈಕಲ್ಲಿನ ಮುಂದೆ ಕೂರಿಸಿಕೊಳ್ಳುತ್ತ ತಾಯಿಗೆ, “ನಿಂಗಮ್ಮನ್ನ ಕರ್ಕಂಬತ್ತೀನಿ ಕಣವ್ವ,” ಎಂದ. ಅವರು ಬೇಡ ಎನ್ನಲಿಲ್ಲ. ನಾನು ಬಸ್ಸಿಗೆ ಕಾದು ಅಮೃತೂರಿಗೆ ಹೋದೆ.

ನಿಂಗಮ್ಮ ಕ್ಷಮಿಸಿದಳು ಎಂದು ಬರೆಯಲು ನನಗೂ ಆಸೆ. ಹಾಗೆ ಆಗಲಿಲ್ಲ. ನಾನು ಹೋಗುವಷ್ಟರಲ್ಲಿ ರಂಗರಾಜು ಎಲ್ಲ ಹೇಳಿದ್ದ. ಮಗಳನ್ನು ತಬ್ಬಿಕೊಂಡು ಬಾಗಿಲಲ್ಲೇ ನಿಂತಿದ್ದಳು. ಒಳಗೆ ಬನ್ನಿ ಎನ್ನಲಿಲ್ಲ. “ಎಲ್ಡ್ ತಿಂಗ್ಳು ನನ್ ಮಗು ನನ್ ಮಗ್ಗುಲಲ್ಲಿ ಮಲ್ಗಿಲ್ಲ ಮೇಡಂ. ನಾನೇ ಏನಾದ್ರೂ ಮರ್ತ್ನೇನೋ, ನೀವ್ ಹೇಳಿದ್ದು ನನ್ ಕಿವಿಗೆ ಬೀಳ್ನಿಲ್ವೇನೋ ಅಂತ ದಿನಾ ನನ್ನೇ ಬೈಕಂಡಿವ್ನಿ,” ಎಂದಳು. ಅಷ್ಟೇ. ನಾನು ತಪ್ಪಾಯಿತು ಎಂದೆ. ಅವಳು ತಿರುಗಿ ಒಳಗೆ ಹೋದಳು.

ಆದರೆ ಗುರುವಾರ ಮಗುವನ್ನು ಕರೆದುಕೊಂಡು ಆಸ್ಪತ್ರೆಗೆ ಬಂದಳು, ಅಕ್ಕ. ಅತ್ತೆಯೂ ಜೊತೆಗಿದ್ದರು. ನಿಂಗಮ್ಮ ಚೀಲದಿಂದ ಸ್ಕೂಲಿನ ನೋಟ್‌ಬುಕ್ಕು, ಪೆನ್ನು ತೆಗೆದು, “ನಿಧಾನಕ್ಕೇಳಿ, ಬರ್ಕತೀನಿ,” ಎಂದಳು. ಒಂದೊಂದು ಮಾತನ್ನೂ ಬರೆದುಕೊಂಡು, ಓದಿ ಹೇಳಿದಳು. ಕೊನೆಗೆ ತಲೆಯೆತ್ತಿ, “ಇನ್ನೇನಾರ ಹೇಳೋದ್ ಬುಟ್ಟಿದೀರಾ?” ಎಂದು ಕೇಳಿದಳು. ಈಗ ಪ್ರತಿ ಸಲವೂ ಅದೇ ಕೇಳುತ್ತಾಳೆ. ನಾನು ಪ್ರತಿ ಸಲವೂ ಮೊದಲಿನಿಂದ ಎಲ್ಲ ಯೋಚಿಸಿ, ಆಮೇಲೆ ಇಲ್ಲ ಎನ್ನುತ್ತೇನೆ. ಬೇರೆ ತಾಯಂದಿರಿಗೂ ಈಗ ಮೊದಲು ಹೇಳುವುದು ಹುಷಾರಿನ ಮಾತು, ಪಟ್ಟಿಯ ಮಾತು ಆಮೇಲೆ.

ಮೊನ್ನೆ ಗುರುವಾರ ಕೃತಿಕಾ ಬಲಗಣ್ಣಿನಿಂದ ಬೋರ್ಡಿನ ಎರಡನೇ ಸಾಲು ಹೇಳಿದಳು. ಮೂರನೆಯದರಲ್ಲಿ ಒಂದು ಚಿತ್ರ. ಎಡಗಣ್ಣಿನಷ್ಟು ಇದು ಎಂದೂ ಆಗಲಾರದು ಎಂದು ಡಾಕ್ಟರು ಹೇಳಿದ್ದಾರೆ. ಮೊಣಕೈಯೂ ಇನ್ನು ಅಷ್ಟೇ. ಬರೆಯುವಾಗ ಆ ಕೈಯನ್ನು ಮೇಜಿನ ಮೇಲೆ ವಾರೆಯಾಗಿ ಇಡುತ್ತಾಳೆ. ನಾನು ನೋಡುತ್ತೇನೆ. ನೋಡಲೇಬೇಕು.

ಇದನ್ನೆಲ್ಲ ಓದಿ ನಿನಗೆ ನನ್ನ ಮೇಲೆ ಏನನ್ನಿಸುತ್ತದೋ ಗೊತ್ತಿಲ್ಲ. ಸಮಾಧಾನ ಹೇಳಿ ಬರೆಯಬೇಡ. ಭಾವನವರಿಗೆ ನಮಸ್ಕಾರ ತಿಳಿಸು.

ಇಂತಿ, ನಿನ್ನ ಬೈಗುಳಕ್ಕೂ ತಯಾರಾಗಿರುವ ತಂಗಿ,
ಶಶಿರೇಖಾ

ಮ.ಬ.: ಇಷ್ಟುದ್ದ ಬರೆದರೂ ನಿನ್ನ ಮಗ ಚೈತನ್ಯನ ಹೆಸರೆತ್ತಲಿಲ್ಲ, ಗಮನಿಸಿದೆಯಾ? ದೀಪಾವಳಿಯ ಮಧ್ಯಾಹ್ನ ಅವನು ಪಟಾಕಿ ಡಬ್ಬಿಯ ಮೇಲಿನ ಚಿತ್ರ ನೋಡುತ್ತಿದ್ದಾಗ ಅವನ ಎಡಗಣ್ಣು ಒಳಕ್ಕೆ ಸರಿಯಿತು. ಆಟದ ನೆಪ ಮಾಡಿ ಅಂಗೈಯಿಂದ ಒಂದೊಂದೇ ಕಣ್ಣು ಮುಚ್ಚಿ ನೋಡಿದೆ. ಎಡಗಣ್ಣು ಮುಚ್ಚಿದಾಗ ನಗುತ್ತಿದ್ದ. ಬಲಗಣ್ಣು ಮುಚ್ಚಿದರೆ ನನ್ನ ಕೈ ತಳ್ಳಿ ಅತ್ತ, ಎಡಗಣ್ಣಿಗೆ ಸರಿಯಾಗಿ ಕಾಣುತ್ತಿಲ್ಲ. ನಿಮ್ಮತ್ತೆ ಅಲ್ಲೇ ಕೂತಿದ್ದರು. ಹಬ್ಬದ ದಿನ ತಂಗಿ ಬಂದು ಮೊಮ್ಮಗನಿಗೆ ಕುಂದು ಹೇಳಿದಳು ಎಂದು ಅವರ ಕೋಪ ನಿನ್ನ ಮೇಲೆ ಬರುತ್ತದೆಂದು ಸುಮ್ಮನಾದೆ. ಕೊತ್ತಗೆರೆಗೆ ಹೋಗಿ ಬಂದು ಆಗ ಹದಿನೈದು ದಿನವಾಗಿತ್ತು, ಅಷ್ಟರಲ್ಲೇ ಮತ್ತೆ ಸುಮ್ಮನಾದೆ. ಒಂದು ತಿಂಗಳು ಕಳೆದುಬಿಟ್ಟೆ ಅಕ್ಕ. ಅವನಿಗೆ ನಾಲ್ಕು ವರ್ಷ, ಇನ್ನೂ ಹೊತ್ತಿದೆ. ನೀನು ಯಾರಿಗೂ ಏನೂ ಹೇಳಬೇಡ. ಬುಧವಾರ ಸಂಜೆಯ ಬಸ್ಸಿಗೆ ನಾನೇ ಗುಬ್ಬಿಗೆ ಬಂದು ನಿಮ್ಮತ್ತೆಯ ಎದುರಿಗೇ ಹೇಳುತ್ತೇನೆ.